ಸೆಕೆಂಡ್ ಹ್ಯಾಂಡ್ ಸ್ಕಿಡ್ ಸ್ಟೀರ್ ತಗೊಳೋರು ಆಯಿಲ್ ಕಾಯೋವರೆಗೂ ಓಡಿಸಿ ನೋಡಿ

ಗೊಬ್ಬರ ಎತ್ತೋಕೆ, ಮೇವು ಸಾಗ್ಸೋಕೆ ಅಂತ ಹಳೇ ಸ್ಕಿಡ್ ಸ್ಟೀರ್ ಲೋಡರ್ (ಮುಂದೆ ಬಕೆಟ್ ಇರೋ, ನಿಂತಲ್ಲೇ ತಿರುಗೋ ಚಿಕ್ಕ ಮಷಿನ್) ಹುಡುಕ್ತಿರೋರು ಇದನ್ನ ಓದ್ಕೊಂಡು ಆಮೇಲೆ ಅಡ್ವಾನ್ಸ್ ಕೊಡಿ. ನಮಗೆ ತೋರಿಸಿದಾಗ ಮಷಿನ್ ಹೊಸ ಪೇಂಟಲ್ಲಿ ಫಳಫಳ ಅಂತಿತ್ತು, ಬಕೆಟ್ ಎತ್ತೋ ತೋಳು ಅಂದ್ರೆ ಬೂಮ್ ಸರ್ರಂತ ಎದ್ದಿತು, ನಿಂತಲ್ಲೇ ಬುಗುರಿ ಥರ ತಿರುಗ್ತು. ತಂದು ಕೆಲಸಕ್ಕೆ ಹಚ್ಚಿದ್ರೆ ಮೊದಮೊದಲು ಚೆನ್ನಾಗೇ ಇತ್ತು, ಹೈಡ್ರಾಲಿಕ್ ಆಯಿಲ್ ಕಾದ ಮೇಲೆ ಶುರುವಾಯ್ತು ನೋಡಿ, ಎಡಗಡೆ ಚಕ್ರಕ್ಕೆ ಜೋರೇ ಇಲ್ಲ, ಬಕೆಟ್ ತುಂಬ್ಕೊಂಡು ದಿಬ್ಬ ಹತ್ತಿಸಿದ್ರೆ ನಿಂತೇ ಬಿಡುತ್ತೆ, ಇಂಜಿನ್ ಮಾತ್ರ ಕೂಗ್ತಿರುತ್ತೆ.

ಇದರಲ್ಲಿ ಕ್ಲಚ್ ಒತ್ತಿ ಗೇರ್ ಹಾಕೋದೆಲ್ಲ ಇಲ್ಲ. ಎಡಕ್ಕೊಂದು ಬಲಕ್ಕೊಂದು ಹೈಡ್ರಾಲಿಕ್ ಪಂಪು, ಪಂಪ್ ತಳ್ಳೋ ಆಯಿಲ್ ಒತ್ತಡಕ್ಕೆ ತಿರುಗೋ ಡ್ರೈವ್ ಮೋಟರ್, ಹೆಚ್ಚಿನ ಮಷಿನ್‌ಗಳಲ್ಲಿ ಅಲ್ಲಿಂದ ಚೈನ್ ಮೂಲಕ ಆ ಕಡೆಯ ಎರಡೂ ಚಕ್ರಕ್ಕೆ. ಪಂಪ್ ಸವೆದಿದ್ರೆ ಆಯಿಲ್ ತಣ್ಣಗೆ ದಪ್ಪಗಿರೋವಾಗ ಗೊತ್ತೇ ಆಗಲ್ಲ, ಬಿಸಿಯಾಗಿ ತೆಳ್ಳಗಾದ ಮೇಲೆ ಒಳಗೊಳಗೇ ಸೋರಿ ಪ್ರೆಷರ್ ಬಿದ್ದೋಗುತ್ತೆ. ನಮಗೆ ಮಾರಿದ ಪುಣ್ಯಾತ್ಮ ಇದು ಗೊತ್ತಾಗದಿರಲಿ ಅಂತ ಇರಬೇಕಾದ್ದಕ್ಕಿಂತ ದಪ್ಪ ಗ್ರೇಡ್ ಆಯಿಲ್ ಬೇರೆ ತುಂಬಿಸಿದ್ದ, ಮೆಕ್ಯಾನಿಕ್ ಇಳಿಸಿ ನೋಡಿದಾಗ ಹೊರಗೆ ಬಂತು. ಇಂಥ ಮಷಿನ್‌ನಲ್ಲಿ ದುಬಾರಿ ರಿಪೇರಿ ಅಂದ್ರೆ ಈ ಪಂಪು ಮೋಟರೇ.

ಅದಕ್ಕೇ ಹೇಳ್ತಿರೋದು, ಇಂಜಿನ್‌ನ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿ, ಹೈಡ್ರಾಲಿಕ್‌ನ ಬಿಸಿಯಾದಾಗ ನೋಡಿ. ನೀವು ಹೋಗೋಷ್ಟರಲ್ಲಿ ಸ್ಟಾರ್ಟ್ ಮಾಡಿ ಇಟ್ಟಿದ್ರೆ ತಣ್ಣಗಾಗೋವರೆಗೂ ಕಾಯಿರಿ, ಅಥವಾ ಇನ್ನೊಂದಿನ ಹೋಗಿ. ಚೆನ್ನಾಗಿ ಕಾಯಿಸಿದ ಮೇಲೆ ಮಣ್ಣಿನ ಗುಡ್ಡೆಗೆ ಬಕೆಟ್ ಚುಚ್ಚಿ ತಳ್ಳಿ, ಎರಡೂ ಕಡೆ ಚಕ್ರ ಒಂದೇ ಸಮ ಜಾರಿ ತಿರುಗಬೇಕು, ಒಂದು ಕಡೆ ತಿರುಗಿ ಇನ್ನೊಂದು ಕಡೆ ಸುಮ್ನೆ ನಿಂತ್ರೆ ಆ ಕಡೆ ಏನೋ ಕೆಟ್ಟಿದೆ ಅಂತ್ಲೇ. ಹಿಂದೆ ಮುಂದೆ ಮಾಡುವಾಗ ಖಟ್ ಅಂದ್ರೆ ಚೈನ್ ಸಡಿಲ ಆಗಿರಬಹುದು. ತುಂಬಿದ ಬಕೆಟ್ ಎತ್ತಿ ನಿಲ್ಲಿಸಿ ದೂರದಿಂದ ನೋಡಿ, ತಾನಾಗೇ ಬೇಗ ಇಳಿದು ಬಂದ್ರೆ ಸಿಲಿಂಡರ್ ಸೀಲೋ ವಾಲ್ವೋ ಹೋಗಿದೆ. ಬೂಮ್ ಲಾಕ್ ಹಾಕದೆ ಅದರ ಕೆಳಗೆ ತಲೆ ಮಾತ್ರ ಹಾಕ್ಬೇಡಿ.

ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಅವರ್ ಮೀಟರ್ (hour meter) ನಂಬಬೇಡಿ, ಪೆಡಲ್ಲು, ಬೂಮ್ ಕೀಲಿನ ಪಿನ್ನು, ಬುಷ್ ಸವೆತ ನೋಡಿದ್ರೆ ಎಷ್ಟು ದುಡಿದಿದೆ ಗೊತ್ತಾಗುತ್ತೆ. ಹೊಸ ಪೇಂಟ್ ಇದ್ರೆ ಬೂಮ್ ಬುಡದಲ್ಲಿ ವೆಲ್ಡಿಂಗ್ ಹುಡುಕಿ. ಕೂತವರ ಮುಂದೆ ಇಳಿಸೋ ಸೇಫ್ಟಿ ಕಂಬಿ, ಅಂದ್ರೆ ಸೀಟ್ ಬಾರ್ ಎತ್ತಿದ್ರೂ ಬೂಮ್ ಆಡ್ತಿದ್ರೆ ಸೇಫ್ಟಿ ವೈರ್ ಬೈಪಾಸ್ ಮಾಡಿರಬಹುದು, ನಮ್ಮದ್ರಲ್ಲಿ ಅದೂ ಮಾಡಿದ್ರು.

ಅಷ್ಟು ಹೊತ್ತು ಓಡಿಸೋಕೆ ಬಿಡಲ್ಲ ಅಂದ್ರೆ ಡೀಸೆಲ್ ದುಡ್ಡು ನಾವೇ ಕೊಡ್ತೀವಿ ಅನ್ನಿ, ಆಗಲೂ ಒಪ್ಪದಿದ್ರೆ ವಾಪಸ್ ಬನ್ನಿ.