ಚಾಳೀಸು ಬಂದ ಮೇಲೆ ಪಿಸ್ತೂಲಿಗೆ ಯಾವ ಸೈಟ್?

ಇದು 30×40 ಸೈಟಿನ ವಿಷಯ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಪಿಸ್ತೂಲಿನ ಮೇಲೆ ಗುರಿ ಹಿಡಿಯೋಕೆ ಹಿಂದೆ ಒಂದು ಕಚ್ಚು, ಮುಂದೆ ಒಂದು ಕಡ್ಡಿ ಇರುತ್ತಲ್ಲ, ಆ ಸೈಟ್. ನನಗೀಗ 53. ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ಇರೋದು ಟೆಕ್ಸಾಸ್‌ನಲ್ಲಿ. ನನ್ನ ಹತ್ತಿರ ಒಂದು ಗ್ಲಾಕ್ 19 ಪಿಸ್ತೂಲ್ ಇದೆ, ತಿಂಗಳಿಗೆ ಎರಡು ಶನಿವಾರ ಗುಂಡು ಹೊಡೆಯೋ ರೇಂಜಿಗೆ ಹೋಗುತ್ತೇನೆ. (ಇಲ್ಲಿಗೆ ಹೊಸದಾಗಿ ಬಂದವರಿಗೆ ಒಂದು ಮಾತು: ಎಚ್1ಬಿ ವೀಸಾದಲ್ಲಿ ಇದ್ದವರು ಸಾಮಾನ್ಯವಾಗಿ ಬಂದೂಕು ಕೊಳ್ಳುವ ಹಾಗಿಲ್ಲ. ಸುಮ್ನೆ ಆಸೆಗೆ ಬಿದ್ದು ಅಂಗಡಿಗೆ ಹೋಗಬೇಡಿ.)

ಏಳು ವರ್ಷದ ಹಿಂದೆ ಒಂದು ದಿನ ಗುಂಡುಗಳೆಲ್ಲ ಚೆಲ್ಲಾಪಿಲ್ಲಿ. ಟ್ರಿಗರನ್ನು ಬೈದೆ, ಗುಂಡನ್ನು ಬೈದೆ. ಕೊನೆಗೆ ಬೇರೆ ಡಬ್ಬ ತೆಗೆದು ಗುಂಡಿನ ತೂಕ 115 ಗ್ರೇನೋ 124 ಗ್ರೇನೋ ಅಂತ ಓದೋಕೆ ಹೋದರೆ, ಕೈ ತಾನಾಗಿಯೇ ದೂರ ಚಾಚಿಕೊಂಡಿತು. ಅಲ್ಲಿಗೆ ಗೊತ್ತಾಯಿತು. ಕೆಟ್ಟಿದ್ದು ಪಿಸ್ತೂಲಲ್ಲ, ಚಾಳೀಸು ಬಂದಿದೆ.

ವಿಷಯ ಏನಪ್ಪಾ ಅಂದರೆ, ಗುರಿ ಹಿಡಿಯುವಾಗ ಕಣ್ಣ ಮುಂದೆ ಮೂರು ವಸ್ತು ಇರುತ್ತವೆ: ಹಿಂದಿನ ಕಚ್ಚು, ಮುಂದಿನ ಕಡ್ಡಿ, ದೂರದ ಟಾರ್ಗೆಟ್. ಕಣ್ಣಿಗೆ ಒಂದು ಸಲಕ್ಕೆ ಒಂದೇ ಸ್ಪಷ್ಟ. ಹರೆಯದಲ್ಲಿ ಕಣ್ಣಿನ ಮಸೂರ ಮೆತ್ತಗೆ ಇರುತ್ತದೆ, ಒಂದರಿಂದ ಒಂದಕ್ಕೆ ಜಿಗಿಯುತ್ತದೆ, ಮೂರೂ ಒಟ್ಟಿಗೆ ಕಂಡ ಹಾಗೆ ಅನಿಸುತ್ತದೆ. ನಲವತ್ತು ದಾಟಿದ ಮೇಲೆ ಅದು ಗಡುಸಾಗುತ್ತದೆ, ಜಿಗಿಯೋದು ನಿಲ್ಲುತ್ತದೆ. ಪಿಸ್ತೂಲ್ ಕಲಿಸುವವರೆಲ್ಲ ಹೇಳೋದು ಒಂದೇ, ಮುಂದಿನ ಕಡ್ಡಿ ನೋಡು. ನಮ್ಮ ವಯಸ್ಸಿನವರಿಗೆ ಕಾಣದೇ ಇರೋದೂ ಅದೇ!

ಅದಕ್ಕೇ ಸೈಟ್ ಬದಲಿಸೋಕೆ ಮೊದಲು ಕನ್ನಡಕದ ಕಥೆ. ಮೊದಲು ಮನೆಯ ಪ್ರೊಗ್ರೆಸಿವ್ ಕನ್ನಡಕದಲ್ಲೇ ಹೊಡೆದೆ. ಹತ್ತಿರದ ಪವರ್ ಅದರ ಕೆಳಭಾಗದಲ್ಲಿ ಇರುತ್ತದೆ, ಹಾಗಾಗಿ ಕಡ್ಡಿ ಕಾಣಬೇಕಾದರೆ ತೇರಿನ ಕಳಶ ನೋಡುವವರ ಹಾಗೆ ಗಲ್ಲ ಮೇಲೆತ್ತಬೇಕು. ಅರ್ಧ ಗಂಟೆಗೆ ಕತ್ತು ಹಿಡಿಯಿತು. ಔಷಧಿ ಅಂಗಡಿಯ ಓದುವ ಕನ್ನಡಕ ಹಾಕಿದೆ, ಹಿಂದಿನ ಕಚ್ಚು ಅಂದವಾಗಿ ಕಂಡಿತು, ಟಾರ್ಗೆಟ್ ಮಡಿಕೇರಿಯ ಮಂಜಿನಲ್ಲಿ ಹೋಯಿತು. ಲೆಕ್ಕ ಹಾಕಿದರೆ ಕಾರಣ ಸರಳ. ಪೇಪರ್ ಓದೋದು ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ಅದಕ್ಕೆ +2.50 ಬೇಕು. ಕೈ ಚಾಚಿ ಹಿಡಿದ ಪಿಸ್ತೂಲಿನ ಮುಂದಿನ ಕಡ್ಡಿ ಇರೋದು ಸುಮಾರು 70 ಸೆಂಟಿಮೀಟರ್ ದೂರದಲ್ಲಿ, ಅದಕ್ಕೆ +1.40 ಸಾಕು. ಎರಡೂ ಒಂದೇ ಅಲ್ಲ. ಜೊತೆಗೆ, ಈ ಓದುವ ಕನ್ನಡಕಗಳು ಸಿಡಿಯುವ ಚೂರನ್ನು ತಡೆಯೋಕೆ ಮಾಡಿದವಲ್ಲ, ಅದನ್ನು ರೇಂಜಿನಲ್ಲಿ ಹಾಕಿದ್ದು ನನ್ನ ದಡ್ಡತನ.

ಆಮೇಲೆ ಸರಿಯಾಗಿ ಮಾಡಿಸಿದೆ. ಪಿಸ್ತೂಲ್ ಹಿಡಿದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗೋಕೆ ಆಗಲ್ಲ ಅಲ್ವಾ, ಮನೆಯಲ್ಲೇ ಹೆಂಡತಿ ಟೇಪ್ ಹಿಡಿದು ಕಣ್ಣಿನಿಂದ ಕಡ್ಡಿಗೆ ಅಳೆದಳು. 69 ಬಂತು. ಚೀಟಿಯಲ್ಲಿ ಬರೆದುಕೊಂಡು ಹೋದೆ. ಮೊದಲ ಅಂಗಡಿಯವರು ಎರಡೂ ಕಣ್ಣಿಗೆ ಕಂಪ್ಯೂಟರ್ ದೂರದ ಪವರ್ ಹಾಕಿ ಕೊಟ್ಟರು, ಅದರಲ್ಲಿ ಟಾರ್ಗೆಟ್ಟೂ ಇಲ್ಲ, ರೇಂಜಿನ ಗಡಿಯಾರವೂ ಇಲ್ಲ. ಎರಡನೇ ಕಡೆ ಬಲಗಣ್ಣಿಗೆ ಮಾತ್ರ ದೂರದ ಪವರಿನ ಮೇಲೆ +1.25 ಸೇರಿಸಿ, ಎಡಗಣ್ಣಿಗೆ ದೂರದ್ದೇ ಬಿಟ್ಟು, ಪಾಲಿಕಾರ್ಬೊನೇಟ್ ಮಸೂರದಲ್ಲಿ ಮಾಡಿಸಿಕೊಂಡೆ. ಎರಡು ದಿನ ತಲೆ ತಿರುಗಿತು. ಮೂರನೇ ದಿನ ಕಡ್ಡಿಯ ಅಂಚು ಬ್ಲೇಡಿನ ಹಾಗೆ ಕಂಡಿತು, ಹತ್ತು ವರ್ಷ ಹಿಂದೆ ಹೋದ ಹಾಗಾಯಿತು.

ಈಗ ಸೈಟುಗಳಿಗೆ ಬರೋಣ. ಗ್ಲಾಕ್ ಜೊತೆ ಬರೋದು ಪ್ಲಾಸ್ಟಿಕ್ಕಿನದು, ಮುಂದೆ ಬಿಳಿ ಚುಕ್ಕೆ, ಹಿಂದೆ ಯು ಆಕಾರದ ಬಿಳಿ ಗೆರೆ. ಮಂಜು ಕಣ್ಣಿಗೆ ಇದು ಬಿಳಿ ಮೇಲೆ ಬಿಳಿ, ಮಜ್ಜಿಗೆಯಲ್ಲಿ ಅನ್ನ ಹುಡುಕಿದ ಹಾಗೆ. ಹಿಂದಿನ ಬಿಳಿಯನ್ನು ಕಪ್ಪು ಮಾರ್ಕರ್‌ನಲ್ಲಿ ಮುಚ್ಚಿ, ಮುಂದಿನ ಚುಕ್ಕೆಗೆ ಹೆಂಡತಿಯ ಕಿತ್ತಳೆ ನೇಲ್ ಪಾಲಿಶ್ ಬಳಿದೆ. ಖರ್ಚು ಸೊನ್ನೆ. ನಿಜ ಹೇಳಬೇಕೆಂದರೆ, ಇದಾದ ಮೇಲೆ ಕೊಂಡ ಒಂದೆರಡು ದುಬಾರಿ ಸೈಟುಗಳು ಇದಕ್ಕಿಂತ ಹೆಚ್ಚೇನೂ ಮಾಡಲಿಲ್ಲ.

ಅವುಗಳಲ್ಲಿ ಒಂದು ಟ್ರಿಟಿಯಂ ಅನ್ನೋ ವಿಕಿರಣ ಅನಿಲ ತುಂಬಿದ ಸೈಟ್. ಕತ್ತಲಲ್ಲಿ ತಾನೇ ಹೊಳೆಯುತ್ತದೆ, ಆದರೆ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ವರ್ಷ ಕಳೆದ ಹಾಗೆ ಮಂಕಾಗುತ್ತದೆ. ನಾನು ಹೊಡೆಯೋದು ಹಗಲಲ್ಲಿ. ಮುಗಿಯಿತು.

ಫೈಬರ್ ಆಪ್ಟಿಕ್ ಮಾತ್ರ ಇಷ್ಟವಾಯಿತು. ಮುಂದಿನ ಕಡ್ಡಿಯೊಳಗೆ ಒಂದು ಕೆಂಪು ಪ್ಲಾಸ್ಟಿಕ್ ಎಳೆ, ಅದು ಸುತ್ತಲಿನ ಬೆಳಕು ಹೀರಿ ತುದಿಯಲ್ಲಿ ಬಿಡುತ್ತದೆ. ಬ್ಯಾಟರಿ ಇಲ್ಲ, ಏನಿಲ್ಲ. ಟೆಕ್ಸಾಸ್ ಬಿಸಿಲಿಗೆ ಕೆಂಡದ ಕಿಡಿಯ ಹಾಗೆ ಉರಿಯುತ್ತದೆ, ಕಡ್ಡಿ ಮಸುಕಾಗಿದ್ದರೂ ಕಿಡಿ ತಪ್ಪಲ್ಲ. ಹಿಂದಿನದು ಚುಕ್ಕೆಯಿಲ್ಲದ ಬರೀ ಕಪ್ಪು ಇರಲಿ, ಕಚ್ಚು ಸ್ವಲ್ಪ ಅಗಲ ಇರಲಿ. ಅಗಲ ಇದ್ದರೆ ಕಡ್ಡಿಯ ಎರಡೂ ಪಕ್ಕ ಬೆಳಕಿನ ಸಂದು ಕಾಣುತ್ತದೆ, ಮಂಜು ಕಣ್ಣು ಅದನ್ನು ಸುಲಭವಾಗಿ ಅಳೆಯುತ್ತದೆ. ತೊಂದರೆ ಎರಡು. ಒಳಾಂಗಣ ರೇಂಜಿನ ಮಂದ ಬೆಳಕಿನಲ್ಲಿ ಕಿಡಿ ಆರಿಹೋಗುತ್ತದೆ. ಮತ್ತೆ, ಎಳೆ ಮುರಿಯುತ್ತದೆ. ನನ್ನದು ಹೋಲ್‌ಸ್ಟರಿಗೆ (ಪಿಸ್ತೂಲ್ ಇಡೋ ಚೀಲ) ತಾಗಿ ಮುರಿಯಿತು. ರಿಪೇರಿ ಅಡುಗೆಮನೆಯಲ್ಲೇ ಆಗುತ್ತದೆ: ಹೊಸ ಎಳೆಯನ್ನು ಉಗುರು ಕತ್ತರಿಯಲ್ಲಿ ಒಂದಿಷ್ಟು ಉದ್ದ ಬಿಟ್ಟು ಕತ್ತರಿಸಿ, ತೂರಿಸಿ, ಲೈಟರ್ ಬೆಂಕಿಯನ್ನು ತುದಿಗೆ ಹತ್ತಿರ ತಂದರೆ ಸಾಕು, ತಾಗಿಸಬಾರದು, ತುದಿ ಕರಗಿ ಅಣಬೆಯ ಹಾಗೆ ಉಬ್ಬಿ ಅಲ್ಲೇ ಕೂರುತ್ತದೆ. ಮೊದಲ ಸಲ ನಾನು ಬೆಂಕಿ ತಾಗಿಸಿ ಎಳೆಯನ್ನೇ ಸುಟ್ಟೆ.

ಎಕ್ಸ್‌ಎಸ್ ಕಂಪನಿಯವರ ಬಿಗ್ ಡಾಟ್ ಸೈಟ್ ನಮ್ಮ ಟೆಕ್ಸಾಸ್‌ನದೇ, ಫೋರ್ಟ್ ವರ್ತ್ ಊರಿನದು. ಹಿಂದೆ ತೆಳ್ಳನೆಯ ವಿ, ಮುಂದೆ ಒಂದು ದೊಡ್ಡ ಬಿಳಿ ಗುಂಡು. ಹಳೇ ಕಾಲದ ಬೇಟೆ ರೈಫಲ್ಲುಗಳ ಎಕ್ಸ್‌ಪ್ರೆಸ್ ಸೈಟಿನ ಜಾತಿ. ಹೇಳೋಕೆ ಕೊತ್ತಂಬರಿ ಬೀಜದಷ್ಟೇ, ಆದರೆ ಪಿಸ್ತೂಲಿನ ಮೇಲೆ ಅದು ಲಾಡು. 7 ಗಜದಲ್ಲಿ ಇದರಷ್ಟು ಬೇಗ ಯಾವ ಕಬ್ಬಿಣದ ಸೈಟೂ ನನಗೆ ಸಿಗಲಿಲ್ಲ, ಕನ್ನಡಕ ಇಲ್ಲದೆಯೂ ಸಿಗುತ್ತದೆ. 25 ಗಜಕ್ಕೆ ಹೋದರೆ ಆ ಲಾಡು ಗುರಿಯನ್ನೇ ನುಂಗುತ್ತದೆ, ಎತ್ತರ ಅಂದಾಜಿನ ಮೇಲೆ, ಹೊಡೆತಗಳೆಲ್ಲ ಊಟದ ತಟ್ಟೆಯಗಲ. ಮನೆಯ ಕಾವಲಿಗೆ ಮಾತ್ರ ಪಿಸ್ತೂಲ್ ಇಟ್ಟುಕೊಂಡು ಕನ್ನಡಕ ಹುಡುಕುವಷ್ಟು ಸಮಯ ಇರಲ್ಲ ಅನ್ನೋರಿಗೆ ಇದೇ ಸರಿ. ನನಗಲ್ಲ.

ಲೇಸರ್ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಬಿಸಿಲಲ್ಲಿ ಚುಕ್ಕೆ ಕಾಣಲ್ಲ, ನೆರಳಲ್ಲಿ ಕೈಯ ನಡುಕವೆಲ್ಲ ಕಾಣುತ್ತದೆ.

ಇನ್ನು ರೆಡ್ ಡಾಟ್, ಅಂದರೆ ಪಿಸ್ತೂಲಿನ ಮೇಲೆ ಕೂರಿಸೋ ಒಂದು ಚಿಕ್ಕ ಗಾಜು, ಅದರಲ್ಲಿ ಬ್ಯಾಟರಿಯಿಂದ ಹೊಳೆಯೋ ಒಂದು ಕೆಂಪು ಚುಕ್ಕೆ. ನಾನು ಇದಕ್ಕೆ ಬಂದದ್ದೇ ಕೊನೆಗೆ, ಬೇಡ ಬೇಡ ಅಂತಲೇ ಬಂದೆ. ಚಿಕ್ಕವನಿದ್ದಾಗ ಕೈಲ್ ಮುಹೂರ್ತದ ಹಬ್ಬದಲ್ಲಿ (ಕೊಡಗಿನ ಆಯುಧಪೂಜೆ) ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ದೊಡ್ಡಪ್ಪ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು, "ಕೋವಿ ನೋಡಬೇಡ ಮಗಾ, ಕಾಯಿ ನೋಡು." ಜೋಡುನಳಿಗೆ ಕೋವಿಯ ತುದಿಯಲ್ಲಿ ಒಂದು ಹಿತ್ತಾಳೆ ಮಣಿ ಅಷ್ಟೇ, ಅದು ಮಸುಕಾಗಿ ಕಂಡರೂ ಸಾಕು. ರೆಡ್ ಡಾಟ್ ಕೇಳೋದೂ ಅದನ್ನೇ. ಚುಕ್ಕೆ ಕಣ್ಣಿಗೆ ದೂರದಲ್ಲೇ ಇದ್ದ ಹಾಗೆ ಕಾಣುತ್ತದೆ, ಹಾಗಾಗಿ ಕಣ್ಣು ಟಾರ್ಗೆಟ್ ಮೇಲೆ ಇದ್ದರೆ ಚುಕ್ಕೆಯೂ ಸ್ಪಷ್ಟ. ಮೂರು ವಸ್ತುವಿನ ಜಗಳವೇ ಇಲ್ಲ. ಮನೆಯ ಪ್ರೊಗ್ರೆಸಿವ್ ಕನ್ನಡಕದ ದೂರದ ಭಾಗದಲ್ಲೇ ನೋಡಬಹುದು, ಕತ್ತು ನೆಟ್ಟಗೆ. ಕಣ್ಣಿನ ರಕ್ಷಣೆಗೆ ಅದರ ಮೇಲೆ ಒಂದು ಅಗಲದ ಸೇಫ್ಟಿ ಕನ್ನಡಕ.

ಆದರೆ ನನಗೆ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂ) ಇದೆ. ಮೊದಲ ದಿನ ಸ್ನೇಹಿತನ ರೆಡ್ ಡಾಟ್ ಆದ ಟ್ರಿಜಿಕಾನ್ ಆರ್‌ಎಂಆರ್‌ನಲ್ಲಿ ಬರಿಗಣ್ಣಿನಿಂದ ನೋಡಿದರೆ ಗುಂಡನೆಯ ಚುಕ್ಕೆ ಎಲ್ಲಿ? ಮಧ್ಯಾಹ್ನದ ಬೆವರಿಗೆ ಹರಿದ ಕುಂಕುಮದ ಹಾಗಿತ್ತು. ನಿನ್ನ ಡಾಟ್ ಕೆಟ್ಟಿದೆ ಅಂದೆ. ಅವನು ಮಾತಾಡದೆ ಮೊಬೈಲಿನಲ್ಲಿ ಅದರೊಳಗಿಂದ ಒಂದು ಫೋಟೊ ತೆಗೆದು ತೋರಿಸಿದ. ಚುಕ್ಕೆ ಗುಂಡಗೇ ಇತ್ತು. ಕೊಳ್ಳೋಕೆ ಮೊದಲು ಅಂಗಡಿಯಲ್ಲಿ ಈ ಪರೀಕ್ಷೆ ಮಾಡಿ: ಫೋಟೊದಲ್ಲಿ ಗುಂಡಗೆ, ನಿಮಗೆ ಹರಕು ಅಂದರೆ ತಪ್ಪು ನಿಮ್ಮ ಕಣ್ಣಿನದು. ಸಿಲಿಂಡರ್ ಪವರ್ ಸರಿಯಾಗಿರುವ ಕನ್ನಡಕ ಹಾಕಿ, ಹೊಳಪನ್ನು ಎರಡು ಮೆಟ್ಟಿಲು ಇಳಿಸಿದ ಮೇಲೆ ನನಗೆ ಬಹುಮಟ್ಟಿಗೆ ದುಂಡಗಾಯಿತು.

ಚುಕ್ಕೆಯ ಗಾತ್ರ ಎಂಒಎ ಲೆಕ್ಕದಲ್ಲಿ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಆರ್‌ಎಂಆರ್‌ನ 3.25 ಚುಕ್ಕೆ 25 ಗಜದಲ್ಲಿ ಸುಮಾರು 2 ಸೆಂಟಿಮೀಟರ್ ಮುಚ್ಚುತ್ತದೆ, 6.5ರದ್ದು ಅದರ ಎರಡರಷ್ಟು. ದೊಡ್ಡದು ಬೇಗ ಸಿಗುತ್ತದೆ, ಚಿಕ್ಕದು ಹರಿದಾಗ ಹೊಳಪು ಜಾಸ್ತಿ ಮಾಡೋಣ ಅನಿಸುತ್ತದೆ, ಮಾಡಿದರೆ ಇನ್ನೂ ಹರಿಯುತ್ತದೆ. ನಾನು ಕೊನೆಗೆ ತಗೊಂಡದ್ದು ಹೋಲೊಸನ್ 507ಸಿ. ಅದರಲ್ಲಿ 2 ಎಂಒಎ ಚುಕ್ಕೆ, ಸುತ್ತ 32 ಎಂಒಎ ಬಳೆ. ಚುಕ್ಕೆ ಹರಿದರೂ ಬಳೆಯ ನಡು ಎಲ್ಲಿ ಅಂತ ಕಣ್ಣು ತಾನೇ ಹಿಡಿಯುತ್ತದೆ.

ಸುಲಭ ಅಂತ ತಿಳಿಯಬೇಡಿ. ಮೊದಲ ತಿಂಗಳು ಪಿಸ್ತೂಲ್ ಎತ್ತಿದರೆ ಗಾಜಿನಲ್ಲಿ ಚುಕ್ಕೆಯೇ ಇರಲ್ಲ, ತಲೆಯಾಡಿಸುತ್ತಾ ಹುಡುಕಬೇಕು. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಚೇಂಬರ್ ಖಾಲಿ ಅಂತ ಎರಡು ಸಲ ನೋಡಿಕೊಂಡು, ದಿನಾ ಹತ್ತು ನಿಮಿಷ ಗೋಡೆಗೆ ಎತ್ತಿ ಅಭ್ಯಾಸ ಮಾಡಿದ ಮೇಲೆ ಸರಿಹೋಯಿತು. ಖರ್ಚೂ ಇದೆ. 2015ರಿಂದ ಬಂದ ಗ್ಲಾಕ್ ಎಂಒಎಸ್ ಮಾದರಿಗೆ ಡಾಟ್ ಕೂರಿಸೋಕೆ ಜಾಗ ಕೊಟ್ಟಿರುತ್ತಾರೆ, ನನ್ನ ಹಳೇದಕ್ಕೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಕೊರೆಸಬೇಕಾಯಿತು. ಕೊರೆದವರು ಸ್ಕ್ರೂ ಸರಿಯಾಗಿ ಬಿಗಿದಿರಲಿಲ್ಲ, ಇನ್ನೂರು ಗುಂಡಿಗೆ ಡಾಟ್ ಅಲ್ಲಾಡತೊಡಗಿತು. ಈಗ ಸ್ಕ್ರೂ ತಲೆಯಿಂದ ಪಕ್ಕಕ್ಕೆ ಅದೇ ಕಿತ್ತಳೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ತುಂಡಾದರೆ ಸ್ಕ್ರೂ ತಿರುಗಿದೆ ಅಂತ ಅರ್ಥ.

ಎರಡರಲ್ಲಿ ಒಂದು ಹೇಳು ಅಂದರೆ: ಸಿಲಿಂಡರ್ ಪವರ್ ಇಲ್ಲದೆ ಬರೀ ಚಾಳೀಸು ಇದ್ದು, ಕೈಯಲ್ಲಿ ದುಡ್ಡಿದ್ದರೆ ನೇರ ರೆಡ್ ಡಾಟ್. ಯುಎಸ್‌ಪಿಎಸ್‌ಎ (ಅಮೆರಿಕದ ಪಿಸ್ತೂಲ್ ಪಂದ್ಯಗಳ ಸಂಘ) ಪಂದ್ಯದ ಪ್ರೊಡಕ್ಷನ್ ವಿಭಾಗದಲ್ಲಿ ಆಡುವವರು ಡಾಟ್ ಹಾಕೋ ಹಾಗಿಲ್ಲ, ಅವರು ಬಲಗಣ್ಣಿನ ಕನ್ನಡಕ ಮತ್ತು ಫೈಬರ್ ತಗೊಳ್ಳಲಿ. ದುಡ್ಡು ಬಿಗಿ ಇದ್ದರೆ ನೇಲ್ ಪಾಲಿಶ್ ಮತ್ತು ಕನ್ನಡಕ. ಕನ್ನಡಕ ಬಿಟ್ಟು ಬರೀ ಸೈಟುಗಳ ಮೇಲೆ ದುಡ್ಡು ಸುರಿದ ನನ್ನ ಹಾಗೆ ಮಾಡಬೇಡಿ, ನನ್ನ ಡ್ರಾಯರಿನಲ್ಲಿ ಈಗ ನಾಲ್ಕು ಜೊತೆ ಸೈಟು ಬಿದ್ದಿವೆ, ಬಿಗ್ ಡಾಟ್ ಬೇಕಿದ್ದವರು ಕೇಳಿ.

ಬ್ಯಾಟರಿ ವಿಷಯ ಮರೆತಿದ್ದೆ. ಸ್ನೇಹಿತನ ಆರ್‌ಎಂಆರ್ ಹಳೇದು, ಬ್ಯಾಟರಿ ತಳದಲ್ಲಿದೆ, ಬದಲಿಸೋಕೆ ಇಡೀ ಡಾಟ್ ಬಿಚ್ಚಿ ಮತ್ತೆ ಝೀರೋ, ಅಂದರೆ ಚುಕ್ಕೆ ಇಟ್ಟಲ್ಲೇ ಗುಂಡು ಬೀಳುತ್ತಾ ಅಂತ, ನೋಡಬೇಕು. ನನ್ನದರಲ್ಲಿ ಪಕ್ಕದ ಚಿಕ್ಕ ತಟ್ಟೆ ಎಳೆದು ಸಿಆರ್ 1632 ಹಾಕಿದರೆ ಆಯಿತು. ಬಾಳಿಕೆ ಎಷ್ಟು ಅಂತ ಕಾಯುತ್ತಾ ಕೂರಲ್ಲ, ಪ್ರತಿವರ್ಷ ಸೆಪ್ಟೆಂಬರ್ 3ಕ್ಕೆ, ಕೈಲ್ ಮುಹೂರ್ತದ ದಿನ, ಎಣ್ಣೆ ಹಾಕಿ ಒರೆಸಿ, ಹೊಸ ಬ್ಯಾಟರಿ ತೂರಿಸಿ, ಒಂದು ಚೆಂಡುಹೂ ಇಟ್ಟು ಕೈಮುಗಿಯುತ್ತೇನೆ. ಹೂವಿನ ಎಸಳು ಗಾಜಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು, ಹೋದ ವರ್ಷ ಅದನ್ನು ಒರೆಸೋಕೇ ಅರ್ಧ ಗಂಟೆ ಹಿಡಿಯಿತು.