ಒಬ್ಬರಿಗಾಗಿ ವ್ಯಾನ್ ತಿರುಗುವುದಿಲ್ಲ: ಅಟ್ಲಾಂಟಿಕ್ ದ್ವೀಪಗಳಿಗೆ ಒಬ್ಬರೇ ಕ್ರೂಸ್ ಹೊರಟವರಿಗೆ

ಕ್ಯಾನರಿ ದ್ವೀಪಗಳು, ಮದೀರಾ ಕಡೆಗೆ ಕ್ರೂಸ್ ಹೋಗಬೇಕು, ಅದೂ ಒಬ್ಬರೇ ಹೋಗಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಂದರುಗಳಲ್ಲಿ ಸುತ್ತಾಡಲು ಆನ್‌ಲೈನ್‌ನಲ್ಲಿ ಟೂರ್ ಬುಕ್ ಮಾಡುವ ಮೊದಲೇ ಓದಿ. ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರಿಫೆಯಲ್ಲಿ ಹಡಗು ನನ್ನನ್ನು ಬಿಟ್ಟು ಹೊರಟುಹೋಯಿತು. ನಾನು ದುಡ್ಡು ಕೊಟ್ಟು, ಸಮಯ ಬರೆದುಕೊಟ್ಟು, ಮೂರು ಸಲ ನೆನಪಿಸಿದ ಮೇಲೂ ಹೀಗಾಯಿತು. ಯಾಕೆ ಆಯಿತು ಅನ್ನುವುದು ಗೊತ್ತಿದ್ದರೆ ನಿಮಗೆ ಹಾಗಾಗದ ಹಾಗೆ ನೋಡಿಕೊಳ್ಳಬಹುದು.

ನನ್ನದು ಚಳಿಗಾಲದ ಕ್ರೂಸ್. ಬಾರ್ಸಿಲೋನಾದಿಂದ ಹೊರಟು ಮೊರಾಕೊದ ಕಾಸಾಬ್ಲಾಂಕಾ, ಅಲ್ಲಿಂದ ಕ್ಯಾನರಿಯ ಲಾ ಪಾಲ್ಮಾ, ಟೆನೆರಿಫೆ, ಲಾಂಜರೋಟೆ ದ್ವೀಪಗಳು, ಕೊನೆಗೆ ಮದೀರಾದ ಫುಂಚಾಲ್. ದ್ವೀಪಗಳಲ್ಲೆಲ್ಲ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುವುದು ಅಂತ ಪಟ್ಟಿಯಲ್ಲಿತ್ತು. ಒಂಬತ್ತು ಗಂಟೆ ಸಿಗುತ್ತದೆ ಅಲ್ವಾ ಅನ್ನಿಸುತ್ತದೆ. ಸಿಗುವುದಿಲ್ಲ. ಹಡಗನ್ನು ದಡಕ್ಕೆ ಕಟ್ಟಿ, ಬಂದರಿನವರು ಒಪ್ಪಿಗೆ ಕೊಟ್ಟು, ಸಾವಿರಾರು ಜನ ಸಾಲಾಗಿ ಇಳಿಯುವಷ್ಟರಲ್ಲಿ ಬೆಳಗಿನ ಒಂದು ಪಾಲು ಹೋಗಿರುತ್ತದೆ. ಸಂಜೆ ಐದಕ್ಕೆ ಹೊರಡುವ ಹಡಗಿಗೆ ನಾಲ್ಕೂವರೆಯೊಳಗೆ ಹತ್ತಿರಬೇಕು. ನಾಲ್ಕಕ್ಕೇ ಬಂದರಿನ ಗೇಟಿನಲ್ಲಿದ್ದರೆ ಒಳ್ಳೆಯದು.

ಇದಕ್ಕಿಂತ ದೊಡ್ಡ ಅಪಾಯ ಗಡಿಯಾರದ್ದು. ಕ್ಯಾನರಿ ದ್ವೀಪಗಳು ಸ್ಪೇನ್‌ಗೆ ಸೇರಿದ್ದರೂ ಅಲ್ಲಿನ ಸಮಯ ಬಾರ್ಸಿಲೋನಾಕ್ಕಿಂತ ಒಂದು ಗಂಟೆ ಹಿಂದೆ. ಮದೀರಾದಲ್ಲೂ ಹಾಗೇ. ಕೆಲವು ಹಡಗುಗಳು ದ್ವೀಪ ಬಂದಾಗ ತಮ್ಮ ಗಡಿಯಾರವನ್ನೂ ತಿರುಗಿಸುತ್ತವೆ. ನನ್ನ ಹಡಗು ತಿರುಗಿಸಲಿಲ್ಲ, ಇಡೀ ಪ್ರಯಾಣ ಬಾರ್ಸಿಲೋನಾ ಸಮಯದಲ್ಲೇ ನಡೆಯಿತು. ಆದರೆ ಫೋನ್ ಸುಮ್ನೆ ಇರುವುದಿಲ್ಲ. ದಡದ ಸಿಗ್ನಲ್ ಸಿಕ್ಕ ಕೂಡಲೇ ಸ್ಥಳೀಯ ಸಮಯ ತೋರಿಸಲು ಶುರು ಮಾಡುತ್ತದೆ. ಹಡಗಿನ ಐದು ಗಂಟೆ ಅಂದರೆ ದಡದಲ್ಲಿ ನಾಲ್ಕು ಗಂಟೆ. ರಂಜಾನ್ ತಿಂಗಳು ಬಿಟ್ಟರೆ ಚಳಿಗಾಲದಲ್ಲಿ ಕಾಸಾಬ್ಲಾಂಕಾದ ಸಮಯವೂ ಬಾರ್ಸಿಲೋನಾದ ಸಮಯವೂ ಒಂದೇ. ಹಾಗಾಗಿ ಅಲ್ಲಿ ಏನೂ ತೊಂದರೆಯಾಗುವುದಿಲ್ಲ. ಅದನ್ನು ನಂಬಿ ಮುಂದಿನ ಬಂದರಿನಲ್ಲಿ ಇಳಿದವರು ಒಂದು ಗಂಟೆ ಕಳೆದುಕೊಳ್ಳುತ್ತಾರೆ. ಕೈಗೆ ಒಂದು ಸಾದಾ ಮುಳ್ಳಿನ ಗಡಿಯಾರ ಕಟ್ಟಿ. ಅದನ್ನು ಹಡಗಿನ ಸಮಯಕ್ಕೇ ಇಡಿ. ನಾನು ಹಾಗೇ ಮಾಡಿದ್ದೆ. ನನ್ನ ಗಡಿಯಾರ ಸರಿಯಾಗಿತ್ತು, ಟೂರ್‌ನವರ ಕೈಲಿದ್ದ ಚೀಟಿ ತಪ್ಪಾಗಿತ್ತು.

ಈಗ ಒಬ್ಬರೇ ಹೋಗುವುದರ ವಿಷಯಕ್ಕೆ ಬರುತ್ತೇನೆ. ಹಡಗಿನ ಕೋಣೆಗಳು ಇಬ್ಬರಿಗೆ ಅಂತ ಕಟ್ಟಿದವು. ಒಬ್ಬರೇ ಹೋದರೆ ಎಷ್ಟೋ ಕಡೆ ಎರಡನೆಯವರ ದುಡ್ಡನ್ನೂ ಹೆಚ್ಚುಕಡಿಮೆ ನಾವೇ ಕೊಡಬೇಕು. ಇದು ಎಲ್ಲರಿಗೂ ಗೊತ್ತು. ದಡದಲ್ಲೂ ಇದೇ ಲೆಕ್ಕ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಟ್ಯಾಕ್ಸಿಯವರು ಗಾಡಿಗೆ ಇಷ್ಟು ಅಂತ ಕೇಳುತ್ತಾರೆ, ತಲೆಗೆ ಇಷ್ಟು ಅಂತಲ್ಲ. ನಾಲ್ಕು ಜನ ಹಂಚಿಕೊಂಡರೆ ಅಗ್ಗ. ಒಬ್ಬರಿಗೆ ಅದು ತುಂಬಾ ಜಾಸ್ತಿ. ಆದ್ದರಿಂದ ಒಂಟಿ ಪ್ರಯಾಣಿಕರು ತಲೆಗೆ ಇಷ್ಟು ಅಂತ ಇರುವ ಗುಂಪಿನ ಟೂರ್ ಹುಡುಕುತ್ತಾರೆ. ನಾನೂ ಒಂದು ಆನ್‌ಲೈನ್ ಕಂಪನಿಯಲ್ಲಿ ಟೆನೆರಿಫೆಯ ತೇಯ್ದೆ ಬೆಟ್ಟದ ಟೂರ್ ತೆಗೆದುಕೊಂಡೆ. ಬಂದರಿನಿಂದ ಕರೆದುಕೊಂಡು ಹೋಗಿ ಬಂದರಿಗೇ ಬಿಡುತ್ತಾರೆ ಅಂತ ಅದರಲ್ಲಿ ಬರೆದಿತ್ತು. ಹಡಗಿನ ಹೆಸರು, ಹೊರಡುವ ಸಮಯ ಕೇಳಿದ್ದರು. ನಾನು ಸಮಯ ಬರೆದು, ಇದು ಹಡಗಿನ ಗಡಿಯಾರದ ಸಮಯ, ದಡದ ಸಮಯ ಬೇಕಾದರೆ ಇದರಲ್ಲಿ ಒಂದು ಗಂಟೆ ಕಳೆಯಿರಿ ಅಂತ ಕೆಳಗೆ ಸ್ಪಷ್ಟವಾಗಿ ಸೇರಿಸಿದ್ದೆ.

ಹಿಂದಿನ ರಾತ್ರಿ ಅವರ ಮೆಸೇಜ್ ಬಂದಿತ್ತು. ಹಡಗು ಸಮುದ್ರದಲ್ಲಿತ್ತು, ನನ್ನ ಫೋನ್ ಏರೋಪ್ಲೇನ್ ಮೋಡ್‌ನಲ್ಲಿತ್ತು. ಹಾಗೇ ಇಡಬೇಕು ಕೂಡ, ನಡುಗಡಲಿನಲ್ಲಿ ಹಡಗಿನ ಮೊಬೈಲ್ ನೆಟ್‌ವರ್ಕ್ ಹಿಡಿದರೆ ಬಿಲ್ ವಿಪರೀತ ಬರುತ್ತದೆ. ಬೆಳಿಗ್ಗೆ ದಡದಲ್ಲಿ ಓದಿದೆ. ಹಡಗಿನಿಂದ ಸಾಕಷ್ಟು ಜನ ಸೇರಲಿಲ್ಲವಂತೆ. ಅದಕ್ಕೆ ನನ್ನನ್ನು ಬೇರೆ ಗುಂಪಿಗೆ ಹಾಕಿದ್ದರಂತೆ. ವ್ಯಾನ್ ಬಂದಾಗ ನೋಡಿದರೆ ಒಳಗಿದ್ದವರೆಲ್ಲ ದ್ವೀಪದ ಹೋಟೆಲ್‌ಗಳಲ್ಲಿ ಉಳಿದುಕೊಂಡವರು. ಹಡಗಿನವಳು ನಾನೊಬ್ಬಳೇ.

ತೇಯ್ದೆ ಸ್ಪೇನ್‌ನ ಅತಿ ಎತ್ತರದ ಶಿಖರ, 3,715 ಮೀಟರ್. ಕೇಬಲ್ ಕಾರ್ 3,555 ಮೀಟರ್‌ವರೆಗೆ ಹೋಗುತ್ತದೆ. ಅದನ್ನು ಹತ್ತುವ ಕೆಳಗಿನ ನಿಲ್ದಾಣವೇ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಆ ದಿನವೂ ನಿಲ್ಲಿಸಿದ್ದರು. ಬಂದರಿನಲ್ಲಿ ಬಿಸಿಲಿತ್ತು, ಮೇಲೆ ನಿಲ್ಲಲೂ ಆಗದಂಥ ಚಳಿಗಾಳಿ. ನಿಂತಿದೆ ಅನ್ನುವುದು ಹೊರಡುವ ಮೊದಲೇ ಕೇಬಲ್ ಕಾರ್‌ನವರ ವೆಬ್‌ಸೈಟ್‌ನಲ್ಲಿ ತಿಳಿಯುತ್ತದೆ. ಡ್ರೈವರ್ ಏನೂ ಹೇಳಲಿಲ್ಲ. ಗಾಳಿ ಇಳಿಯಬಹುದು, ಕಾಯೋಣ ಅಂತ ಗುಂಪಿನವರು ಹೇಳಿದರು. ಅವರಿಗೆ ಸಂಜೆಯವರೆಗೂ ಸಮಯವಿತ್ತು. ಕಾದೆವು. ಆಮೇಲೆ ಊಟಕ್ಕೆ ನಿಲ್ಲಿಸಿದರು.

ಊಟದ ಹೊತ್ತಿಗೆ ಡ್ರೈವರ್ ಹತ್ತಿರ ಹೋಗಿ ಮತ್ತೆ ಹೇಳಿದೆ. ಅವರು ಚೀಟಿ ತೋರಿಸಿದರು. ಅದರಲ್ಲಿ ನನ್ನ ಹಡಗು ಐದಕ್ಕೆ ಹೊರಡುತ್ತದೆ, ನಾಲ್ಕಕ್ಕೆ ಬಂದರಿಗೆ ಬಿಡಬೇಕು ಅಂತಿತ್ತು. ಎರಡನ್ನೂ ದಡದ ಸಮಯ ಅಂತಲೇ ಬರೆದಿದ್ದರು. ನಾನು ಸೇರಿಸಿದ್ದ ಸಾಲು ಆ ಚೀಟಿಯಲ್ಲಿ ಇರಲೇ ಇಲ್ಲ. ಕೈಗಡಿಯಾರ ತೋರಿಸಿದೆ. ಹಡಗಿನ ದಿನಪತ್ರದ, ಅಂದರೆ ಆ ದಿನದ ಕಾರ್ಯಕ್ರಮದ ಹಾಳೆಯ, ಫೋಟೊ ತೋರಿಸಿದೆ. ಡ್ರೈವರ್‌ಗೆ ಅರ್ಥವಾಯಿತು ಅಂತ ಕಾಣುತ್ತದೆ, ಮುಖ ಸಣ್ಣದಾಯಿತು. ಆದರೆ ಆಫೀಸಿಗೆ ಫೋನ್ ಮಾಡಿದಾಗ ಅಲ್ಲಿಂದ ಬಂದ ಉತ್ತರ, ಉಳಿದವರ ಕಾರ್ಯಕ್ರಮ ಬದಲಿಸುವಂತಿಲ್ಲ ಅಂತ. ಒಬ್ಬರಿಗಾಗಿ ವ್ಯಾನ್ ತಿರುಗುವುದಿಲ್ಲ. ಅದೇ ವ್ಯಾನ್‌ನಲ್ಲಿ ನನ್ನ ಹಡಗಿನವರು ಎಂಟು ಜನ ಇದ್ದಿದ್ದರೆ ಅದು ತಿರುಗುತ್ತಿತ್ತು. ಈ ಬರಹ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ.

ಆ ಬೆಟ್ಟದ ಮೇಲಿನಿಂದ ಬೇರೆ ದಾರಿಯಿಲ್ಲ. ಹಡಗು ನಿಂತಿದ್ದ ಸಾಂತಾ ಕ್ರೂಸ್ ಬಂದರಿಗೆ ನೇರ ಬಸ್ಸಿಲ್ಲ, ಟ್ಯಾಕ್ಸಿ ಕರೆದರೂ ಅದು ಕೆಳಗಿನಿಂದ ಹತ್ತಿ ಬರಬೇಕು. ವ್ಯಾನ್ ಉತ್ತರದ ಕಡೆ ಇಳಿದು ಪ್ವೆರ್ತೊ ದೆ ಲಾ ಕ್ರೂಸ್ ಊರಿನ ಹೋಟೆಲ್‌ಗಳಿಗೆ ಜನರನ್ನು ಒಬ್ಬೊಬ್ಬರಾಗಿ ಬಿಡಲು ಹೊರಟಿತು. ನಾನು ಮೊದಲ ಹೋಟೆಲ್ ಮುಂದೆಯೇ ಇಳಿದು ಟ್ಯಾಕ್ಸಿ ಹಿಡಿದೆ. ಅಲ್ಲಿಂದ ಸಾಂತಾ ಕ್ರೂಸ್‌ಗೆ ಹೋಗುವ ಹೆದ್ದಾರಿಯಲ್ಲಿ ಟ್ರಾಫಿಕ್ ಯಾವಾಗಲೂ ಜಾಸ್ತಿ. ಬಂದರು ಮುಟ್ಟಿದಾಗ ಹಡಗಿನ ಏಣಿ ತೆಗೆದಾಗಿತ್ತು. ಹಗ್ಗ ಬಿಚ್ಚುತ್ತಿದ್ದರು. ಗೇಟಿನ ಕಾವಲಿನವರು ಒಳಗೆ ಬಿಡಲಿಲ್ಲ. ಹಡಗಿಗೆ ದಾರಿ ತೋರಿಸುವ ಪೈಲಟ್, ಮುಂದಿನ ಬಂದರಿನ ಜಾಗ, ಎಲ್ಲ ಮೊದಲೇ ಗೊತ್ತುಮಾಡಿರುತ್ತಾರೆ. ಒಬ್ಬರಿಗಾಗಿ ನಿಲ್ಲಿಸುವುದಿಲ್ಲ.

ಇಲ್ಲಿ ನನ್ನನ್ನು ಕಾಪಾಡಿದ್ದು ಒಂದೇ ಫೋಟೊ. ಹಡಗಿನಲ್ಲಿ ಪ್ರತಿ ರಾತ್ರಿ ಕೋಣೆಗೆ ಒಂದು ದಿನಪತ್ರ ಬರುತ್ತದೆ. ಅದರಲ್ಲಿ ಮರುದಿನದ ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವ ಏಜೆಂಟ್‌ನ ಫೋನ್ ನಂಬರ್ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಳಿಯುವ ಮೊದಲು ಅದರ ಫೋಟೊ ತಪ್ಪದೆ ತೆಗೆದುಕೊಳ್ಳಿ. ನನ್ನ ಪಾಸ್‌ಪೋರ್ಟ್ ಹಡಗಿನ ಕೌಂಟರ್‌ನಲ್ಲೇ ಇತ್ತು, ವೀಸಾ ಬೇಕಾದ ದೇಶದವರದ್ದನ್ನು ಅವರು ತೆಗೆದಿಟ್ಟುಕೊಂಡಿದ್ದರು. ಹೊರಡುವ ಮೊದಲು ಅದನ್ನು ಈ ಏಜೆಂಟ್ ಕೈಗೆ ಕೊಟ್ಟು ಹೋಗಿದ್ದರು. ಅವರು ಒಳ್ಳೆಯ ಮನುಷ್ಯರು. ರಾತ್ರಿ ಉಳಿಯಲು ಹೋಟೆಲ್ ತೋರಿಸಿದರು, ಮರುದಿನದ ವಿಮಾನದ ಬಗ್ಗೆ ಹೇಳಿದರು. ಖರ್ಚು ಮಾತ್ರ ಪೂರ್ತಿ ನನ್ನದೇ. ದಿನವೂ ತೆಗೆದುಕೊಳ್ಳುವ ಬಿಪಿ ಮಾತ್ರೆ ಹಡಗಿನ ಕೋಣೆಯಲ್ಲೇ ಉಳಿದಿತ್ತು. ಅದು ನೆನಪಾದಾಗ ನನಗೆ ನಿಜವಾಗಿ ಭಯವಾಯಿತು. ದಡಕ್ಕೆ ಇಳಿಯುವಾಗ ಎರಡು ದಿನದ ಮಾತ್ರೆ, ಒಂದು ಬ್ಯಾಂಕ್ ಕಾರ್ಡ್, ಚಾರ್ಜರ್, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಚೀಲದಲ್ಲಿ ಇರಲೇಬೇಕು. ಇಬ್ಬರು ಹೋದರೆ ಒಬ್ಬರಲ್ಲದಿದ್ದರೆ ಇನ್ನೊಬ್ಬರ ಹತ್ತಿರ ಇರುತ್ತದೆ. ನಮಗೆ ಇನ್ನೊಬ್ಬರು ಇಲ್ಲ.

ಮರುದಿನ ಟೆನೆರಿಫೆಯಿಂದ ಲಾಂಜರೋಟೆಗೆ ವಿಮಾನದಲ್ಲಿ ಹೋಗಿ ಅರೆಸಿಫೆ ಬಂದರಿನಲ್ಲಿ ಹಡಗು ಹತ್ತಿದೆ. 1730ರಿಂದ 1736ರವರೆಗೆ ಬೆಂಕಿ ಉಗುಳಿ ದ್ವೀಪದ ಒಂದು ಭಾಗವನ್ನೇ ಮುಚ್ಚಿದ ತಿಮಾನ್‌ಫಾಯಾ ಜ್ವಾಲಾಮುಖಿ ಪ್ರದೇಶ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದು ಹೋಯಿತು. ಆದರೂ ನನ್ನ ಅದೃಷ್ಟ ದೊಡ್ಡದು ಅಂತಲೇ ಹೇಳಬೇಕು, ಮುಂದಿನ ಬಂದರು ಅದೇ ದೇಶದಲ್ಲಿತ್ತು. ಮುಂದಿನದು ಫುಂಚಾಲ್ ಆಗಿದ್ದರೆ? ಅದು ಪೋರ್ಚುಗಲ್. ಕ್ಯಾನರಿ ದ್ವೀಪಗಳ ನಡುವೆ ಓಡಾಡುವ ಹಾಗೆ ಅಲ್ಲಿಗೆ ದಿನವೂ ಫೆರ್ರಿ ಇಲ್ಲ. ವಿಮಾನಗಳು ಕಡಿಮೆ. ಮದೀರಾದ ವಿಮಾನ ನಿಲ್ದಾಣದಲ್ಲಿ ಗಾಳಿ ಅಡ್ಡ ಬೀಸಿದರೆ ವಿಮಾನ ಇಳಿಸಲಾಗದೆ ವಾಪಸ್ ಕಳಿಸುವುದೂ ಉಂಟು. ಆದ್ದರಿಂದ ದೂರದ ಟೂರ್ ಹಾಕುವಾಗ ಆ ದಿನದ ಬಂದರನ್ನಷ್ಟೇ ನೋಡಬೇಡಿ. ಇಲ್ಲಿ ಹಡಗು ತಪ್ಪಿದರೆ ಮುಂದಿನ ಬಂದರಿಗೆ ಹೇಗೆ ಹೋಗುತ್ತೇನೆ ಅಂತ ಮೊದಲೇ ನೋಡಿಡಿ.

ಇನ್ಶೂರೆನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಯಾಣ ಶುರುವಾಗುವ ಬಂದರಿಗೆ ತಡವಾಗಿ ತಲುಪಿದರೆ ಮಾತ್ರ ನನ್ನ ಪಾಲಿಸಿ ಅನ್ವಯವಾಗುತ್ತಿತ್ತು, ನಡುವಿನ ಬಂದರಿಗೆ ಇಲ್ಲ. ನಿಮ್ಮದರಲ್ಲಿ ಏನಿದೆ ಅಂತ ಕೊಳ್ಳುವ ಮೊದಲೇ ಕೇಳಿ.

ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ಮಾತು. ಬಾರ್ಸಿಲೋನಾದಲ್ಲಿ ಹತ್ತಿ ಕಾಸಾಬ್ಲಾಂಕಾಕ್ಕೆ ಹೋದರೆ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ, ಬಿಟ್ಟು ಹೊರಗೆ ಹೋದ ಹಾಗೆ. ಲಾ ಪಾಲ್ಮಾಕ್ಕೆ ಬಂದಾಗ ಮತ್ತೆ ಒಳಗೆ ಬರಬೇಕು. ಅದಕ್ಕೆ ಕನಿಷ್ಠ ಎರಡು ಸಲ ಪ್ರವೇಶವಿರುವ ಷೆಂಗೆನ್ ವೀಸಾ ಬೇಕು. ಮೊರಾಕೊಗೂ ವೀಸಾ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಟಿಕೆಟ್ ಮಾರುವವರು ಇದನ್ನು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಹೆಸರುಗಳಲ್ಲೂ ಎಡವುವುದು ಸುಲಭ. ಲಾ ಪಾಲ್ಮಾ ಒಂದು ದ್ವೀಪ. ಲಾಸ್ ಪಾಲ್ಮಾಸ್ ಗ್ರಾನ್ ಕನಾರಿಯಾ ಅನ್ನುವ ಬೇರೆ ದ್ವೀಪದ ನಗರ. ಲಾ ಪಾಲ್ಮಾದ ಬಂದರೂ ಸಾಂತಾ ಕ್ರೂಸ್, ಟೆನೆರಿಫೆಯ ಬಂದರೂ ಸಾಂತಾ ಕ್ರೂಸ್. ಮದೀರಾದ ವಿಮಾನ ನಿಲ್ದಾಣ ಇರುವ ಊರೂ ಸಾಂತಾ ಕ್ರೂಸ್! ಅದೇ ಆನ್‌ಲೈನ್ ಕಂಪನಿ ಲಾ ಪಾಲ್ಮಾದ ಟೂರ್‌ಗೆ ಟೆನೆರಿಫೆ ಬಂದರಿನ ನಕ್ಷೆ ಕಳಿಸಿತ್ತು. ನಾನು ನೋಡಿ ಕೇಳಿದ ಮೇಲೆ ಆ ಟೂರ್ ರದ್ದು ಮಾಡಿದರು.

ರದ್ದಾಗಿದ್ದೇ ಒಳ್ಳೆಯದಾಯಿತು. ಲಾ ಪಾಲ್ಮಾದಲ್ಲಿ ಹಡಗಿನಿಂದ ಇಳಿದು ಸ್ವಲ್ಪ ನಡೆದರೆ ಹಳೆಯ ಊರು. ಕಲ್ಲು ಹಾಸಿದ ಬೀದಿ, ಸಮುದ್ರಕ್ಕೆ ಮುಖ ಮಾಡಿದ ಬಣ್ಣದ ಮರದ ಬಾಲ್ಕನಿಗಳು, ಹೂಕುಂಡಗಳು. ಗಂಟೆಗಟ್ಟಲೆ ಸುತ್ತಿದೆ. ಸಣ್ಣ ಆಲೂಗಡ್ಡೆಯನ್ನು ಉಪ್ಪುನೀರಿನಲ್ಲಿ ಬೇಯಿಸಿ ಖಾರದ ಚಟ್ನಿಯ ಜೊತೆ ಕೊಡುತ್ತಾರೆ, ಸಸ್ಯಾಹಾರಿಗಳಿಗೆ ಅದೊಂದು ನೆಮ್ಮದಿ. ಯಾರಿಗೂ ಕಾಯಬೇಕಿಲ್ಲ, ಯಾರ ಗಾಡಿಯ ಹಂಗೂ ಇಲ್ಲ. ಟೆನೆರಿಫೆಯಲ್ಲೂ ಹೀಗೆ ಮಾಡಬಹುದು. ಸಾಂತಾ ಕ್ರೂಸ್‌ನಿಂದ ಟ್ರಾಮ್ ಹತ್ತಿದರೆ ಲಾ ಲಗುನಾ. ಅದು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪಟ್ಟಣ. ಬೇಡ ಅನ್ನಿಸಿದ ಗಳಿಗೆಯಲ್ಲಿ ವಾಪಸ್ ಟ್ರಾಮ್ ಹತ್ತಬಹುದು. ಫುಂಚಾಲ್‌ನಲ್ಲಿ ನಾನು ಟೂರ್ ಗೊಡವೆಗೇ ಹೋಗಲಿಲ್ಲ. ಹಳೆಯ ಊರಿನಿಂದಲೇ ಮೊಂತೆ ಬೆಟ್ಟಕ್ಕೆ ಕೇಬಲ್ ಕಾರ್ ಇದೆ, ಮೇಲಿನ ತೋಟಗಳಿಂದ ಇಡೀ ಬಂದರು ಕಾಣುತ್ತದೆ. ಅಲ್ಲಿಂದ ಬೆತ್ತದ ಬಂಡಿಯಲ್ಲಿ ಜಾರಿಕೊಂಡು ಬರಬೇಕು ಅಂತ ಆಸೆ ಇದ್ದವರು ಒಂದು ನೆನಪಿಡಿ. ಆ ಬಂಡಿ ಊರಿನ ನಡುವಿಗೆ ತರುವುದಿಲ್ಲ, ಅರ್ಧ ದಾರಿಯಲ್ಲೇ ಬಿಡುತ್ತದೆ. ಉಳಿದದ್ದಕ್ಕೆ ನಡಿಗೆಯೋ ಟ್ಯಾಕ್ಸಿಯೋ ಲೆಕ್ಕ ಹಾಕಿಕೊಳ್ಳಿ.

ತೇಯ್ದೆ, ತಿಮಾನ್‌ಫಾಯಾದಂಥ ದೂರದ ಜಾಗಗಳಿಗೆ ಮಾತ್ರ, ದುಬಾರಿಯಾದರೂ, ಹಡಗಿನವರದ್ದೇ ಟೂರ್ ತೆಗೆದುಕೊಳ್ಳಿ. ಅದು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಜವಾಬ್ದಾರಿ ಅವರದು. ನಿಮ್ಮ ಕಂಪನಿಯ ಷರತ್ತಿನಲ್ಲಿ ಅದು ಬರೆದಿದೆಯಾ ಅಂತ ನೋಡಿ. ಆ ಬಸ್ಸಿನಲ್ಲಿ ಇರುವವರೆಲ್ಲ ನಿಮ್ಮ ಹಡಗಿನವರೇ.

ನನ್ನ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಟೂರ್ ಪೂರ್ತಿಯಾಗಿದೆ, ನಡುವೆ ಇಳಿದದ್ದು ನಾನು ಅಂತ ಅವರ ವಾದ. ಬ್ಯಾಂಕಿನಲ್ಲಿ ಕಾರ್ಡ್ ಪಾವತಿಯ ಬಗ್ಗೆ ದೂರು ಕೊಟ್ಟಿದ್ದೇನೆ, ಚೀಟಿಯ ಫೋಟೊ ಲಗತ್ತಿಸಿದ್ದೇನೆ.

ಹೊರಗಿನ ಟೂರ್ ಬೇಕೇ ಬೇಕು ಅನ್ನುವವರು ದುಡ್ಡು ಕಟ್ಟುವ ಮೊದಲು ಈ ಮೂರು ಪ್ರಶ್ನೆ ಬರೆದು ಕಳಿಸಿ. ವ್ಯಾನ್‌ನಲ್ಲಿ ಬರುವ ಬೇರೆಯವರೂ ನನ್ನ ಹಡಗಿನವರೇನಾ? ನನ್ನನ್ನು ಬಂದರಿಗೆ ಬಿಡುವ ಸಮಯವನ್ನು ದಡದ ಗಡಿಯಾರದಲ್ಲಿ ಎಷ್ಟು ಅಂತ ಬರೆದುಕೊಂಡಿದ್ದೀರಿ? ಜನ ಸಾಲದೆ ಗುಂಪು ಬದಲಾದರೆ ನನ್ನ ಒಪ್ಪಿಗೆ ಕೇಳುತ್ತೀರಾ, ಒಪ್ಪದಿದ್ದರೆ ಪೂರ್ತಿ ದುಡ್ಡು ಕೊಡುತ್ತೀರಾ? ಮೂರಕ್ಕೂ ಲಿಖಿತ ಉತ್ತರ ಬರದಿದ್ದರೆ ಬುಕ್ ಮಾಡಬೇಡಿ.