ಕೂಸಿನ ಕುಂಚಿಗೆಗೆ ಕೆಂಪು ನೂಲು ಹಾಕುವ ಮೊದಲು ನೀರಿಗೆ ಹಾಕಿ ನೋಡಿ

ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿದು ಅದಕ್ಕೆ ಕಸೂತಿ ಹಾಕುವವರು ನಮ್ಮ ಕಡೆ ಬಹಳ ಮಂದಿ ಇದ್ದೀರಿ. ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಅದರಲ್ಲೂ ಮನೆಯಲ್ಲಿ ಬಸುರಿ ಇದ್ದು, ಬರುವ ಕೂಸಿಗೆ ಏನಾದರೂ ಹೊಲಿಯಬೇಕು ಎಂದು ಈಗಾಗಲೇ ಸೂಜಿ ನೂಲು ಹಿಡಿದು ಕೂತವರು ಪೂರ್ತಿ ಓದಿ. ಕಂಪನಿ ಚೀಟಿ ಇಲ್ಲದ ಬಿಡಿ ನೂಲಿನಿಂದ ನನ್ನ ಅಕ್ಕನ ಮೊಮ್ಮಗಳ ತೊಟ್ಟಿಲು ಶಾಸ್ತ್ರದ ದಿನ ನಡೆದದ್ದು ಇನ್ನೊಂದು ಮನೆಯಲ್ಲಿ ನಡೆಯಬಾರದು.

ನಾನು ಧಾರವಾಡದವಳು. ಹೊಲಿಗೆ ನನ್ನ ಉದ್ಯೋಗ ಅಲ್ಲ, ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಕೂತು ಮಾಡುವ ಹವ್ಯಾಸ. ಜಂಪರು, ಲಂಗ, ಮಕ್ಕಳ ಝಬಲಾ ಹೊಲಿಯುತ್ತಾ ಹದಿನೈದು ವರ್ಷ ಆಯಿತು. ಕಸೂತಿಯನ್ನು ಅವ್ವನಿಂದ ಕಲಿತೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಕ್ರಾಸ್ ಸ್ಟಿಚ್ ಅನ್ನುತ್ತಾರಲ್ಲ, ಅದೇ ನಮ್ಮ ಮೆಂತೆ. ಸಾಲಾಗಿ ಹಾಕಿದರೆ ಮೆಂತ್ಯದ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ನನಗೆ ಅತಿ ಇಷ್ಟದ್ದೂ ಅದೇ.

ಅಕ್ಕನ ಮಗಳು ಹಡೆದಳು ಎಂದು ಗೊತ್ತಾದ ದಿನವೇ ಕುಂಚಿಗೆ ಹೊಲಿಯುವುದು ಎಂದು ನಿಶ್ಚಯ ಮಾಡಿದ್ದೆ. ಬೇರೆ ಕಡೆಯವರಿಗೆ ಹೇಳುವುದಾದರೆ, ಕುಂಚಿಗೆ ಎಂದರೆ ಕೂಸಿನ ತಲೆಗೆ ಟೊಪ್ಪಿಗೆಯಂತೆ ಕೂತು ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ಸಾಮಾನ್ಯವಾಗಿ ಖಣದಲ್ಲಿ, ಅಂದರೆ ನಮ್ಮ ಕಡೆ ಜಂಪರಿಗೆ ಬಳಸುವ ಅಂಚಿನ ಬಟ್ಟೆಯಲ್ಲಿ, ಹೊಲಿಯುತ್ತಾರೆ. ಖಣ ಕೂಸಿಗೆ ಸೆಕೆಯಾಗುತ್ತದೆ, ಅಂಚು ಚುಚ್ಚುತ್ತದೆ ಎಂದು ನಾನು ಕೆನೆಬಣ್ಣದ ಕೈಮಗ್ಗದ ಹತ್ತಿ ಬಟ್ಟೆ ಆರಿಸಿದೆ. ಒಳಗೆ ಮಲ್ಮಲ್ ಲೈನಿಂಗ್. ನೆತ್ತಿಯ ಮೇಲೊಂದು ಗೋಪುರ, ಅಂಚಿನುದ್ದಕ್ಕೆ 30 ಇಂಚು, ಅದರಲ್ಲಿ ಏಳು ನವಿಲು. ಎಲ್ಲವೂ ಕೆಂಪು ನೂಲಿನಲ್ಲಿ. ಬಟ್ಟೆಯ ನೇಯ್ಗೆ ಸಣ್ಣದು, ಎಳೆ ಎಣಿಸುವುದು ಕಣ್ಣಿಗೆ ಕಷ್ಟ. ಅದಕ್ಕೆ ಮೇಲೆ ವೇಸ್ಟ್ ಕ್ಯಾನ್ವಾಸ್ (ಎಣಿಸಿ ಹೊಲಿಯಲು ಇಟ್ಟು, ಆಮೇಲೆ ಎಳೆದು ತೆಗೆಯುವ ಜಾಲರಿ ಬಟ್ಟೆ) ಇಟ್ಟು, ಇಂಚಿಗೆ 14 ಮೆಂತೆಯಂತೆ ಹಾಕಿದೆ. ಒಂದು ನವಿಲಿಗೆ ಮೂರು ಸಂಜೆ ಹಿಡಿಯುತ್ತಿತ್ತು.

ತಪ್ಪು ಆದದ್ದು ನಾಲ್ಕನೇ ನವಿಲಿನಲ್ಲಿ. ಮೊದಲು ತಂದದ್ದು ಕಂಪನಿ ಚೀಟಿ, ಬಣ್ಣದ ನಂಬರು ಇರುವ 8 ಮೀಟರಿನ ಲಡಿ, ಆರು ಎಳೆಯದು. ಅಂಥವು ಎರಡು. ಗೋಪುರಕ್ಕೂ ಮೂರು ನವಿಲಿಗೂ ಹೋಗಿ, ನಾಲ್ಕನೆಯದರ ಬಾಲದ ಹತ್ತಿರ ನೂಲು ಮುಗಿಯಿತು. ಅದೇ ನಂಬರು ಕೇಳಿದರೆ ಅಂಗಡಿಯಲ್ಲಿ ಇರಲಿಲ್ಲ. ಶಾಸ್ತ್ರಕ್ಕೆ ಹತ್ತೇ ದಿನ ಉಳಿದಿತ್ತು. ಅಂಗಡಿಯವರು ಚೀಟಿ ಇಲ್ಲದ ಲಡಿಗಳ ಗೊಂಚಲು ತೆಗೆದು ಮುಂದಿಟ್ಟರು. "ಅಕ್ಕಾರ, ಅದ ಬಣ್ಣ, ಅದ ನೂಲು. ರೇಟು ಅರ್ಧ. ಬಣ್ಣ ಹೋಗಂಗಿಲ್ಲ ನೋಡ್ರಿ, ಗ್ಯಾರಂಟಿ." ಉಳಿದಿದ್ದ ತುಂಡು ನೂಲನ್ನು ಪಕ್ಕಕ್ಕಿಟ್ಟು, ಅಂಗಡಿಯ ಬಾಗಿಲಿಗೆ ಬಂದು ಬೆಳಕಿನಲ್ಲಿ ಹೋಲಿಸಿದೆ. ಒಂದಿಷ್ಟೂ ಫರಕು ಕಾಣಲಿಲ್ಲ. ಮೂರು ಲಡಿ ತಂದೆ.

ಕಣ್ಣಿಗೆ ಬಣ್ಣ ಕೂಡಿತು ಅಷ್ಟೇ. ನೀರಿಗೆ ಹಾಕಿ ನೋಡಲಿಲ್ಲ. ಹದಿನೈದು ವರ್ಷ ಹೊಲಿದವಳು ನಾನು, ಇಷ್ಟು ಮಾಡದೇ ಹೋದೆನಲ್ಲ ಎಂಬ ಸಂಕಟ ಈಗಲೂ ಇದೆ.

ಅದಕ್ಕಿಂತ ಹೆಚ್ಚಿನ ಸಂಕಟ ಎಂದರೆ, ಆ ನೂಲು ನನಗೆ ಮೊದಲೇ ಸೂಚನೆ ಕೊಟ್ಟಿತ್ತು. ವೇಸ್ಟ್ ಕ್ಯಾನ್ವಾಸ್ ಬಳಸಿದವರಿಗೆ ಗೊತ್ತು, ಹೊಲಿಗೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒತ್ತಿ ಕ್ಯಾನ್ವಾಸಿನ ಗಂಜಿಯನ್ನು ಮೆತ್ತಗೆ ಮಾಡಿ, ಅದರ ಎಳೆಗಳನ್ನು ಒಂದೊಂದಾಗಿ ಚಿಮಟದಿಂದ ಎಳೆಯಬೇಕು. ರಾತ್ರಿ ಹನ್ನೊಂದಾಗಿತ್ತು. ಹಳೇ ಪೇಪರು ಹಾಸಿ ಅದರ ಮೇಲೆ ಎಳೆಗಳನ್ನು ಹಾಕುತ್ತಾ ಹೋದೆ. ಎಲ್ಲ ಬಿಳಿ. ಬಲಗಡೆಯ ನವಿಲುಗಳಿಗೆ ಬಂದಾಗ ಐದಾರು ಎಳೆಗಳ ತುದಿ ನಸುಗುಲಾಬಿ ಆಗಿದ್ದವು. ನೋಡಿದೆ. ಕೆಂಪು ನೂಲಿನ ಜುಂಗು ಅಂಟಿರಬೇಕು ಎಂದುಕೊಂಡು ಪೇಪರು ಮಡಚಿ ಬುಟ್ಟಿಗೆ ಹಾಕಿದೆ. ನೀವು ಕ್ಯಾನ್ವಾಸ್ ಎಳೆಯುವಾಗ ಒಂದೇ ಒಂದು ಎಳೆ ಗುಲಾಬಿ ಕಂಡರೂ ಅಲ್ಲಿಗೇ ನಿಲ್ಲಿಸಿ.

ತೊಟ್ಟಿಲು ಶಾಸ್ತ್ರ ಇಟ್ಟುಕೊಂಡದ್ದು ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ. ಕುಂಚಿಗೆ ಹಾಕಿದರು, ಎಲ್ಲರೂ ಕೈಗೆತ್ತಿಕೊಂಡು ನೋಡಿದರು. ಜೋಗುಳ ಶುರುವಾಗಿತ್ತು. ಮೂರು ತಿಂಗಳ ಕೂಸು ಕೈಗೆ ಸಿಕ್ಕದ್ದನ್ನೆಲ್ಲ ಬಾಯಿಗೆ ಒಯ್ಯುತ್ತದೆ. ಇದು ಮುಖ ಹೊರಳಿಸಿ ಕೆನ್ನೆಯ ಪಕ್ಕದ ಅಂಚನ್ನೇ ಚೀಪುತ್ತಾ ಮಲಗಿತ್ತು. ಅದನ್ನು ನೋಡಿ ನಾವೆಲ್ಲ ನಕ್ಕೆವು ಕೂಡ. ಸ್ವಲ್ಪ ಹೊತ್ತಿಗೆ ಕೂಸಿನ ಅಜ್ಜಿ ತೊಟ್ಟಿಲಿಗೆ ಬಗ್ಗಿದವರು ಚೀರಿದರು: "ಅಯ್ಯ ಶಿವನ, ಕೂಸಿನ ಬಾಯಾಗ ರಕ್ತ ಬರಾಕತ್ತೈತಿ!"

ಗಲ್ಲದ ಮೇಲೆ ಕೆಂಪು ಜೊಲ್ಲು ಇಳಿದು ಕುತ್ತಿಗೆಯ ಮಡಿಕೆಯಲ್ಲಿ ನಿಂತಿತ್ತು. ತುಟಿ ಕೆಂಪು, ವಸಡು ಕೆಂಪು, ಬಿಳೀ ಝಬಲಾದ ಎದೆಯ ಮೇಲೆ ಅಂಗೈಯಗಲ ಕೆಂಪು. ಹಾಡು ನಿಂತಿತು. ಅಕ್ಕನ ಮಗಳು ಕೂಸನ್ನು ಎತ್ತಿಕೊಂಡು ನಡುಗುತ್ತಿದ್ದಳು, ಬಾಯಿಯೊಳಗೆ ಬೆರಳು ಹಾಕಿ ಗಾಯ ಹುಡುಕುತ್ತಿದ್ದಳು. ಬೆರಳನ್ನು ಸೆರಗಿಗೆ ಒರೆಸಿದವಳು ಹಾಗೇ ನಿಂತಳು. ರಕ್ತದ ಕಲೆ ಹಾಗಿರುವುದಿಲ್ಲ, ಇದು ಗುಲಾಬಿ. "ಚಿಗವ್ವಾ, ಇದು ನಿನ್ನ ನೂಲಲ್ಲಾ?" ಎಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಹಾಗೇ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಬಾಯಿ ಸ್ವಚ್ಛ ಮಾಡಿ ನೋಡಿ, ಗಾಯ ಏನೂ ಇಲ್ಲ, ಎರಡು ದಿನ ವಾಂತಿ, ಮೈಮೇಲೆ ಗುಳ್ಳೆ ಏನಾದರೂ ಆಗುತ್ತದೋ ನೋಡಿಕೊಳ್ಳಿ ಎಂದರು. ದೇವರ ದಯೆ, ಏನೂ ಆಗಲಿಲ್ಲ. ಕೂಸು ಆರಾಮ ಇದೆ.

ಆದರೂ ಹೊಟ್ಟೆಗೆ ಹೋದದ್ದು ಯಾವ ಬಣ್ಣ ಎಂದು ಹೇಳುವವರು ಯಾರೂ ಇಲ್ಲ. ಚೀಟಿಯೇ ಇಲ್ಲದ ಲಡಿ ಅದು. ಮೈಗೆ ತಾಗುವ ಬಟ್ಟೆಯಲ್ಲಿ ಅಜೋ ಎಂಬ ಕೃತಕ ಬಣ್ಣಗಳಲ್ಲಿ ಕೆಲವು ಅಪಾಯ ಎಂದು ನಮ್ಮ ದೇಶದಲ್ಲಿ 1990ರ ದಶಕದಲ್ಲೇ ನಿಷೇಧ ಆಗಿದೆ. ಬಿಡಿ ಲಡಿಗೆ ಎಲ್ಲಿ, ಯಾವ ಬಣ್ಣ ಹಾಕಿದರು ಎಂದು ಯಾರನ್ನು ಕೇಳುವುದು? ಮಕ್ಕಳ ಬಟ್ಟೆಗಾದರೆ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಗುರುತು ನೋಡಿ, ಬಟ್ಟೆ, ನೂಲುಗಳಲ್ಲಿ ಹಾನಿಕರ ವಸ್ತುಗಳಿವೆಯೇ ಎಂದು ಪರೀಕ್ಷಿಸಿ ಕೊಡುವ ಗುರುತು ಅದು. ಅದರಲ್ಲಿ ಮೊದಲನೇ ವರ್ಗ 3 ವರ್ಷದೊಳಗಿನ ಮಕ್ಕಳ ವಸ್ತುಗಳಿಗಾಗಿಯೇ ಇದೆ, ಜೊಲ್ಲಿಗೆ ಬಣ್ಣ ಬಿಡುತ್ತದೆಯೇ ಎಂದೂ ಪರೀಕ್ಷೆ ಮಾಡುತ್ತಾರೆ. ಚೀಪಿದರೆ ಏನಾಗುತ್ತದೆ ಎಂದು ಯೋಚಿಸಿ ಪರೀಕ್ಷೆ ಇಟ್ಟವರು ಇದ್ದಾರೆ. ಕುಂಚಿಗೆ ಹೊಲಿದ ನನಗೆ ಆ ಯೋಚನೆ ಬಂದಿರಲಿಲ್ಲ.

ಅಂದು ರಾತ್ರಿ ಕುಂಚಿಗೆಯನ್ನು ಮನೆಗೆ ತಂದು ಬಕೆಟ್ಟಿಗೆ ಹಾಕಿದೆ. ಇಲ್ಲಿ ಎರಡನೇ ತಪ್ಪು. ಉಪ್ಪು ಹಾಕು, ವಿನೆಗರ್ ಹಾಕು, ಬಣ್ಣ ನಿಲ್ಲುತ್ತದೆ ಎಂದು ಹೇಳಿದವರೇ ಎಲ್ಲರೂ. ಉಪ್ಪುನೀರಿನಲ್ಲಿ ಅರ್ಧ ತಾಸು ನೆನೆಸಿ, ಹಿಂಡಿ, ಮುಂಜಾನೆ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಇಸ್ತ್ರಿ ಮಾಡಿದೆ. ಬಿಟ್ಟ ಬಣ್ಣ ಪಕ್ಕದ ಬಟ್ಟೆಗೆ ಗಟ್ಟಿಯಾಗಿ ಕೂತುಬಿಟ್ಟಿತು. ಹತ್ತಿ ನೂಲಿನ ಬಣ್ಣ ವಿನೆಗರಿಗೆ ನಿಲ್ಲುವುದಿಲ್ಲ. ಹುಳಿ ಬೇಕಾಗುವುದು ಉಣ್ಣೆ, ರೇಷ್ಮೆಗೆ ಹಾಕುವ ಕೆಲವು ಬಣ್ಣಗಳಿಗೆ. ಹತ್ತಿಗೆ ಬಣ್ಣ ಅದ್ದಿದ ಮೇಲೆ, ಎಳೆಗೆ ಕಚ್ಚದೆ ಉಳಿದದ್ದನ್ನು ಬಿಸಿ ಸೋಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ಆ ತೊಳೆತ ಸರಿಯಾಗಿ ಮಾಡದ ನೂಲು ನಮ್ಮ ಮನೆಗೆ ಬಂದು ಬಣ್ಣ ಬಿಡುತ್ತದೆ. ಕೆಂಪು, ಕಡುನೀಲಿ, ಕಪ್ಪಿನಂಥ ಗಾಢ ಬಣ್ಣಕ್ಕೆ ಬಣ್ಣದ ಪುಡಿ ಹೆಚ್ಚು ಹಾಕುವುದರಿಂದ ಹೆಚ್ಚಾಗಿ ಕೈಕೊಡುವುದೂ ಅವೇ.

ಇಂಥದ್ದು ನಿಮಗೇನಾದರೂ ಆದರೆ ಬಟ್ಟೆ ಒಣಗಲು ಬಿಡಬೇಡಿ. ಎಲ್ಲಕ್ಕಿಂತ ಮುಖ್ಯ ಇದು. ಒಣಗದೆ ಇದ್ದರೆ ಉಪಾಯ ಇದೆ, ಒಣಗಿ ಇಸ್ತ್ರಿ ಆದರೆ ಬಹಳ ಕಷ್ಟ. ದೊಡ್ಡ ಬಕೆಟ್ಟಿನ ತುಂಬ ಬೆಚ್ಚನೆ ನೀರು, ಸ್ವಲ್ಪ ಸೋಪು. ಬಟ್ಟೆ ಅದರಲ್ಲಿ ಸಡಿಲವಾಗಿ ತೇಲುವಂತಿರಬೇಕು, ಮಡಿಕೆಯ ಮೇಲೆ ಮಡಿಕೆ ಬೀಳಬಾರದು. ನೀರು ಕೆಂಪಾದ ಕೂಡಲೇ ಬದಲಿಸಿ. ನೀರು ತಿಳಿಯಾಗಿ ನಿಲ್ಲುವ ತನಕ, ರಾತ್ರಿಯಿಡೀ ಆದರೂ ಸರಿ, ಹೀಗೇ ಮಾಡುತ್ತಿರಿ. ಬ್ಲೀಚಿಂಗ್ ಪುಡಿ ಹಚ್ಚಲು ಹೋಗಬೇಡಿ, ಕಲೆ ಹೋಗುವ ಮೊದಲು ನೂಲು, ಬಟ್ಟೆ ಎರಡೂ ಜೀರ್ಣ ಆಗುತ್ತವೆ.

ಈಗ ಆ ಕುಂಚಿಗೆ ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದೆ. ಎಡಗಡೆಯ ಮೂರು ನವಿಲು ಹೊಲಿದ ದಿನ ಹೇಗಿದ್ದವೋ ಹಾಗೇ ಇವೆ, ಮೆಂತೆಯ ಒಂದೊಂದು ಕಾಳೂ ಎಣಿಸಬಹುದು. ನಾಲ್ಕನೇ ನವಿಲಿನ ಕತ್ತು, ರೆಕ್ಕೆ ಸ್ವಚ್ಛ. ಬಾಲದ ಎರಡನೇ ಗರಿಯಿಂದ ಗುಲಾಬಿ ಮಬ್ಬು ಹಬ್ಬಿ, ಐದು, ಆರು, ಏಳನೆಯವು ಮಂಜಿನೊಳಗೆ ನಿಂತ ಹಾಗೆ ಕಾಣುತ್ತವೆ. ಯಾವ ಮೆಂತೆಯಲ್ಲಿ ನೂಲು ಬದಲಿಸಿದೆ ಎಂದು ಸೂಜಿಯ ತುದಿಯಿಂದ ತೋರಿಸಬಲ್ಲೆ. ನಂಬರಿನ ನೂಲಿಗೂ ಬಿಡಿ ನೂಲಿಗೂ ಏನು ವ್ಯತ್ಯಾಸ ಎಂದು ಕೇಳುವವರು ಮನೆಗೆ ಬಂದರೆ ಈ ಅಂಚನ್ನೇ ಕೈಗೆ ಕೊಡುತ್ತೇನೆ.

ಈಗ ನಾನು ಮಾಡುವುದು ಇಷ್ಟು. ಯಾವ ನೂಲೇ ಆಗಲಿ, ನಂಬರಿನದ್ದೂ ಸೇರಿ, ಒಂದು ಗೇಣು ಕತ್ತರಿಸಿ ಬಿಳೀ ಚಹಾ ಕಪ್‌ನಲ್ಲಿ ಬೆಚ್ಚನೆ ಸೋಪುನೀರು ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಸ್ಟೀಲ್ ಲೋಟ ಬೇಡ, ತೆಳು ಗುಲಾಬಿ ಅದರಲ್ಲಿ ಕಾಣುವುದಿಲ್ಲ. ಮುಂಜಾನೆ ಆ ನೂಲನ್ನು ಒದ್ದೆಯಿದ್ದಾಗಲೇ ಬಿಳೀ ಪಂಚೆಯ ತುಂಡಿನಲ್ಲಿ ಮಡಚಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತೇನೆ. ಬಟ್ಟೆಯ ಮೇಲೆ ಗೆರೆ ಮೂಡಿತೋ, ಆ ಲಡಿ ಕೂಸಿನ ಬಟ್ಟೆಗೆ ಇಲ್ಲ. ಬೇರೆ ಯಾವುದಕ್ಕೂ ಇಲ್ಲ. ಒಂದೇ ಕಸೂತಿಗೆ ನೂಲು ಎಷ್ಟು ಬೇಕೋ ಅಂದಾಜು ಮಾಡಿ ಒಂದು ಲಡಿ ಹೆಚ್ಚಿಗೇ ಮೊದಲೇ ತರುತ್ತೇನೆ. ನಾನು ಬಿಡಿ ನೂಲಿಗೆ ಕೈ ಹಾಕಿದ್ದೇ ನೂಲು ನಡುವೆ ಮುಗಿದದ್ದರಿಂದ.

ಬಟ್ಟೆಯನ್ನೂ ಕತ್ತರಿಸುವ ಮೊದಲು ನೀರಿಗೆ ಹಾಕಿ ಒಣಗಿಸಿ. ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ಲೈನಿಂಗ್ ಒಂದು ಅಳತೆಗೆ, ಮೇಲಿನದು ಇನ್ನೊಂದು ಅಳತೆಗೆ. ಗೆರೆ ಹಾಕುವ ನೀಲಿ ಪೆನ್ನಿನ ಗುರುತನ್ನು ತಣ್ಣೀರಿನಲ್ಲಿ ಪೂರ್ತಿ ತೆಗೆಯದೆ ಇಸ್ತ್ರಿ ಮಾಡಬೇಡಿ, ಬಿಸಿಗೆ ಅದು ಅಲ್ಲೇ ಕೂರುತ್ತದೆ. ಇನ್ನೊಂದು, ಕುಂಚಿಗೆಯ ಕೊರಳಿಗೆ ಉದ್ದ ಕಸಿ, ಅಂದರೆ ಕಟ್ಟುವ ದಾರ, ಬೇಡ. ಕೂಸು ಹೊರಳಿದಾಗ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಗಟ್ಟಿಯಾಗಿ ಕೂರುವ ಚಪ್ಪಟೆ ಟಿಚ್ ಬಟನ್ ಸಾಕು. ಹೊಲಿಗೆಯ ಹಿಂಬದಿಗೆ ಗಂಟೂ ಬೇಡ. ಕಸೂತಿಯಲ್ಲಿ ಗಂಟು ಹಾಕಬಾರದು ಎಂದು ಅವ್ವ ಕೈ ಮೇಲೆ ಹೊಡೆದು ಕಲಿಸಿದ್ದಳು. ನವಿರು ಚರ್ಮಕ್ಕೆ ಗಂಟು ಎಷ್ಟು ಒತ್ತುತ್ತದೆ ಎಂದು ಕೂಸಿನ ಬಟ್ಟೆ ಹೊಲಿದಾಗಲೇ ನನಗೆ ತಿಳಿದದ್ದು.

ಆ ಮೂರು ಲಡಿಯಲ್ಲಿ ಕುಂಚಿಗೆಗೆ ಹೋಗಿ ಒಂದು ಉಳಿದಿತ್ತು. ಅದರಿಂದ ನಾಲ್ಕು ಜೊಲ್ಲುಬಟ್ಟೆಗೆ ಸಣ್ಣ ಸಣ್ಣ ತುಳಸಿಕಟ್ಟೆ ಹಾಕಿ ಪರಿಚಯದ ಮನೆಗಳಿಗೆ ಕೊಟ್ಟಿದ್ದೆ. ಜೊಲ್ಲುಬಟ್ಟೆ! ಆಸ್ಪತ್ರೆಯಿಂದ ಬಂದ ಸಂಜೆಯೇ ನಾಲ್ಕೂ ಮನೆಗೆ ಫೋನು ಹಚ್ಚಿದೆ. ಏನಾಯಿತು ಎಂದು ಮುಚ್ಚುಮರೆ ಇಲ್ಲದೆ ಹೇಳಿ, ಕೂಸಿನ ಮೈಮೇಲಿಂದ ಈಗಲೇ ತೆಗೆಯಿರಿ ಎಂದೆ. ಮೂರು ವಾಪಸ್ ಬಂದವು, ಒಂದರ ಅಂಚು ಆಗಲೇ ಗುಲಾಬಿಯಾಗಿತ್ತು. ನಾಲ್ಕನೆಯದು ಆ ಮನೆಯ ಮಗಳ ಜತೆ ಪುಣೆಗೆ ಹೋಗಿತ್ತು. ಆಕೆ ಅದನ್ನು ಬೇರೆ ಎತ್ತಿಟ್ಟು ಅಂಚೆಗೆ ಹಾಕಿದ್ದಾಳಂತೆ. ಅದು ಬರುವ ತನಕ ನನಗೆ ಸಮಾಧಾನ ಇಲ್ಲ. ದಿನಾ ಮಧ್ಯಾಹ್ನ ಅಂಚೆಯವರ ದಾರಿ ಕಾಯುತ್ತಿದ್ದೇನೆ.